ಕಾರು ಇನ್ಶೂರೆನ್ಸ್: ಪ್ರೀಮಿಯಂ ನೋಡುವ ಮೊದಲು ನಾನು ಹಾಕುವ ಲೆಕ್ಕ

ಇನ್ಶೂರೆನ್ಸ್ ರಿನೀವಲ್ ಬಂದಾಗ ಹೆಚ್ಚಿನವರು ನೋಡುವುದು ಒಂದೇ ಅಂಕಿ, ಒಟ್ಟು ಎಷ್ಟು ಕಟ್ಟಬೇಕು ಅಂತ. ನಾನು ಅದನ್ನು ಕೊನೆಗೆ ನೋಡುತ್ತೇನೆ. ನಾಳೆ ಗ್ಯಾರೇಜಿನಲ್ಲಿ ಬಿಲ್ ಆದರೆ ಅದರಲ್ಲಿ ನನ್ನ ಜೇಬಿನಿಂದ ಎಷ್ಟು ಹೋಗುತ್ತದೆ ಅನ್ನುವುದು ಮೊದಲ ಪ್ರಶ್ನೆ.

ಥರ್ಡ್ ಪಾರ್ಟಿ ಭಾಗದಲ್ಲಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವುದರಲ್ಲಿ, ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಕಾನೂನಿನ ಪ್ರಕಾರ ಅದು ಇರಲೇಬೇಕು, ದರ ಸರ್ಕಾರದ್ದು. 2022ರ ಜೂನ್ 1ರಿಂದ ಬಂದ ದರದಲ್ಲಿ 1000 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದರ ಮೇಲೆ 7,897. ಜಿಎಸ್‌ಟಿ ಬೇರೆ. ಯಾವ ಕಂಪನಿಗೆ ಹೋದರೂ ಇದು ಬದಲಾಗುವುದಿಲ್ಲ. ಚೌಕಾಸಿ ಮಾಡುವುದಿದ್ದರೆ ನಮ್ಮ ಕಾರಿನ ಡ್ಯಾಮೇಜ್‌ಗೆ ಕಟ್ಟುವ ಓನ್ ಡ್ಯಾಮೇಜ್ ಭಾಗದಲ್ಲಿ ಮಾತ್ರ. ಕ್ಲೇಮ್ ಮಾಡದ ವರ್ಷಗಳಿಗೆ ಕೊಡುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಸಿಗುವುದೂ ಇದರ ಮೇಲೆಯೇ. "50 ಪರ್ಸೆಂಟ್ ಎನ್‌ಸಿಬಿ ಇದೆ ಸಾರ್" ಅಂದರೆ ಇಡೀ ಪ್ರೀಮಿಯಂ ಅರ್ಧ ಆಯಿತು ಅಂತಲ್ಲ.

ಹಾಸನದಲ್ಲಿ ಅಪ್ಪನ ಹಳೆ ಕಾರಿದೆ. ಒಮ್ಮೆ ಗೇಟಿಗೆ ತಾಗಿ ಮುಂದಿನ ಬಂಪರ್ ಸೀಳಿತು. ಗ್ಯಾರೇಜಿನ ಎಸ್ಟಿಮೇಟ್ 9,500 ರೂಪಾಯಿ. "ವರ್ಷ ವರ್ಷ ದುಡ್ಡು ಕಟ್ಟಿಲ್ವಾ? ಕ್ಲೇಮ್ ಮಾಡು" ಅಂದರು ಅಪ್ಪ. ನಾನು ಕಾಗದ ಪೆನ್ನು ಹಿಡಿದು ಕೂತೆ.

ಆ ಕಾರಿಗೆ ಜೀರೋ ಡೆಪ್ ಇರಲಿಲ್ಲ, ಅಂದರೆ ಬಿಡಿಭಾಗ ಹಳತಾಗಿದೆ ಅಂತ ಹಣ ಕಡಿತ ಮಾಡದಿರಲು ಹೆಚ್ಚುವರಿ ದುಡ್ಡು ಕೊಟ್ಟು ಕೊಳ್ಳುವ ಕವರ್. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ ಎಲ್ಲದಕ್ಕೂ ಕಂಪನಿ ಅರ್ಧವೇ ಕೊಡುತ್ತದೆ. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಪ್ರಕಾರ, ಐದರಿಂದ ಹತ್ತು ವರ್ಷದ ಕಾರಾದರೆ 40 ಪರ್ಸೆಂಟ್ ಕಡಿತ. 5,000 ರೂಪಾಯಿಯ ಬಂಪರ್‌ಗೆ ಸಿಗುವುದು 2,500. ಪೇಂಟಿಂಗ್ 3,500 ಆಗಿತ್ತು. ಅದರ ಕಾಲು ಭಾಗವನ್ನು ಬಣ್ಣದ ಸಾಮಾನು ಅಂತ ಲೆಕ್ಕ ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಲೇಬರ್ 1,000 ಪೂರ್ತಿ ಸಿಗುತ್ತದೆ. ಕೊನೆಗೆ, ಪ್ರತಿ ಕ್ಲೇಮಿನಲ್ಲೂ ನಾವೇ ಕೊಡಬೇಕಾದ, ಗ್ಯಾರೇಜಿನವರು ಫೈಲ್ ಚಾರ್ಜ್ ಅನ್ನುವ 1,000 ರೂಪಾಯಿ ಕಳೆಯಬೇಕು. 1500 ಸಿಸಿ ಮೀರಿದ ಕಾರಿಗೆ ಅದು 2,000. ಎಲ್ಲ ಕೂಡಿ ಕಳೆದರೆ ಕಂಪನಿಯಿಂದ ಬರುವುದು ಹತ್ತಿರ ಹತ್ತಿರ 5,500.

ಈಗ ಇನ್ನೊಂದು ಕಡೆ. ಅಪ್ಪನ ಎನ್‌ಸಿಬಿ 50 ಪರ್ಸೆಂಟ್ ಇತ್ತು. ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸೊನ್ನೆ. ಆಮೇಲೆ 20, 25, 35, 45 ಅಂತ ಮತ್ತೆ ಹತ್ತಬೇಕು. ಅಂದರೆ ಮೊದಲ ವರ್ಷ 50 ಪರ್ಸೆಂಟ್ ನಷ್ಟ, ಎರಡನೇ ವರ್ಷ 30, ಆಮೇಲೆ 25, 15, 5. ಒಟ್ಟು 125 ಪರ್ಸೆಂಟ್. ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 6,000 ಇತ್ತು, ಹಾಗಾಗಿ ಐದು ವರ್ಷದಲ್ಲಿ 7,500 ಹೋಗುತ್ತದೆ. ಕಾರು ಹಳತಾದಂತೆ ಪ್ರೀಮಿಯಂ ಇಳಿಯುತ್ತದೆ ಅಂತ ಸಾವಿರ ಕಡಿಮೆ ಹಿಡಿದರೂ, 5,500ಕ್ಕಾಗಿ 6,500 ಬಿಟ್ಟ ಹಾಗೆ. ಅಪ್ಪ ಲೆಕ್ಕ ನೋಡಿ, "ಹಾಗಾದ್ರೆ ಇವರಿಗೆ ಕಟ್ಟೋದ್ಯಾಕೆ?" ಅಂದರು. ಕೈಯಿಂದಲೇ ಕೊಟ್ಟು ರಿಪೇರಿ ಮಾಡಿಸಿದೆವು.

ಯಾಕೆ ಕಟ್ಟಬೇಕು ಅನ್ನುವುದಕ್ಕೆ ಉತ್ತರ ನನಗೆ 2022ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿತು. ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ, ಯಮಲೂರು ಕಡೆ ನೀರು ನುಗ್ಗಿದ ಮಳೆ ಅದು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನೀರು ಕಾರಿನ ಸೀಟಿನ ಮಟ್ಟಕ್ಕೆ ಬಂದಿತ್ತು. ನೀರು ಇಳಿದ ಮೇಲೆ ಎಲ್ಲರಿಗೂ ಒಂದೇ ಆಸೆ, ಸ್ಟಾರ್ಟ್ ಆಗುತ್ತಾ ನೋಡೋಣ. ನಾನು ಕೀ ಮುಟ್ಟಲಿಲ್ಲ. ನೀರು ಹೋಗಿರುವ ಇಂಜಿನ್ ಸ್ಟಾರ್ಟ್ ಮಾಡಿದರೆ ಸಿಲಿಂಡರಿನ ನೀರು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಾಮೂಲಿ ಪಾಲಿಸಿಯಲ್ಲಿ ಪ್ರವಾಹದ ಹಾನಿಗೆ ದುಡ್ಡು ಕೊಡುತ್ತಾರೆ, ಆದರೆ ಹೀಗೆ ಆಮೇಲೆ ಕೆಟ್ಟ ಇಂಜಿನ್‌ಗೆ ಕೊಡುವುದಿಲ್ಲ. ನನಗೆ ಅದಕ್ಕೂ ದುಡ್ಡು ಕೊಡುವ ಆಡ್-ಆನ್ (ಹೆಚ್ಚುವರಿ ಕವರ್) ಇಂಜಿನ್ ಪ್ರೊಟೆಕ್ಷನ್ ಇತ್ತು. ಆದರೂ ಅಂಥ ಪಾಲಿಸಿಯಲ್ಲೂ ಸ್ಟಾರ್ಟ್ ಮಾಡಿದ್ದರೆ ವಾದ ಏಳಬಹುದು. ಪಕ್ಕದ ಬ್ಲಾಕಿನವರು ಆಡ್-ಆನ್ ಇಲ್ಲದೆ ಸ್ಟಾರ್ಟ್ ಮಾಡಿ ನೋಡಿದರು. ಇಂಜಿನ್ ಖರ್ಚು ಪೂರ್ತಿ ಅವರ ತಲೆಗೇ ಬಂತು.

ನಾನು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿದೆ. ಕಾರಿನ ಒಳಗೆ, ಹೊರಗೆ, ಗೋಡೆಯ ಮೇಲೆ ನೀರಿನ ಗುರುತು ಕಾಣುವ ಹಾಗೆ ವಿಡಿಯೋ ಮಾಡಿದೆ. ಅವತ್ತೇ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಂಡೆ. ಟೋ ಮಾಡುವ ಗಾಡಿಗೆ ಕ್ಯೂ ಇತ್ತು, ಕಾದೆ. ಹಾನಿಯ ಅಂದಾಜು ಮಾಡುವ ಸರ್ವೇಯರ್ ಬಂದು ಕೇಳಿದ ಮೊದಲ ಪ್ರಶ್ನೆಯೇ, "ಸ್ಟಾರ್ಟ್ ಮಾಡಿದ್ರಾ ಸರ್?"

ಎಸ್ಟಿಮೇಟ್ 2.8 ಲಕ್ಷ ಆಯಿತು. ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ, 6.2 ಲಕ್ಷ ಇತ್ತು. ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ ಟೋಟಲ್ ಲಾಸ್ ಅಂತ ತೀರ್ಮಾನಿಸಿ ಐಡಿವಿ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಪ್ರೀಮಿಯಂ ಕಡಿಮೆ ಕಾಣಲಿ ಅಂತ ಐಡಿವಿ ಇಳಿಸಿ ಕೋಟ್ ಕೊಡುವವರು ಇದನ್ನು ಹೇಳುವುದಿಲ್ಲ. ಐಡಿವಿ ಇಳಿದರೆ ಆ ಗಡಿ ಬೇಗ ಬರುತ್ತದೆ, ಕೈಗೆ ಬರುವ ಹಣವೂ ಕಡಿಮೆ. ಎರಡು ಕಂಪನಿಗಳ ಕೋಟ್ ಹೋಲಿಸುವಾಗ ಐಡಿವಿ ಒಂದೇ ಇದೆಯಾ ಅಂತ ನಾನು ಮೊದಲು ನೋಡುವುದು ಇದಕ್ಕೇ.

ಜಗಳ ಆಗಿದ್ದು ವೈರಿಂಗ್ ವಿಷಯಕ್ಕೆ. ಒಣಗಿಸಿ ಸರಿ ಮಾಡಿದರೆ ಸಾಕು ಅಂತ ಸರ್ವೇಯರ್, ಬದಲಾಯಿಸಲೇಬೇಕು ಅಂತ ಗ್ಯಾರೇಜಿನವರು. ನಾನು ಬಾಯಿಮಾತಿನಲ್ಲಿ ವಾದ ಮಾಡಲಿಲ್ಲ. ಯಾವ ಕನೆಕ್ಟರ್‌ಗೆ ತುಕ್ಕು ಹಿಡಿದಿದೆ ಅಂತ ಗ್ಯಾರೇಜಿನಿಂದ ಫೋಟೋ ಸಮೇತ ಬರೆಸಿಕೊಂಡು ಮೇಲ್ ಕಳಿಸಿದೆ. ಬದಲಾಯಿಸುವುದಿಲ್ಲ ಅಂದರೆ ಕಾರಣ ಬರೆದು ಕೊಡಿ ಅಂತಲೂ ಕೇಳಿದೆ. ಕಾರಿನ ನೆಲದ ಹಾರ್ನೆಸ್ (ವೈರ್‌ಗಳ ಕಟ್ಟು) ಹೊಸದು ಸಿಕ್ಕಿತು, ಡ್ಯಾಶ್‌ಬೋರ್ಡಿನದು ರಿಪೇರಿಯಲ್ಲೇ ಮುಗಿಯಿತು. ಜೀರೋ ಡೆಪ್ ಇದ್ದರೂ ಬ್ಯಾಟರಿಗೆ ಅರ್ಧವನ್ನು ನಾನೇ ಕೊಟ್ಟೆ, ನನ್ನ ಪಾಲಿಸಿಯಲ್ಲಿ ಅದು ಹೊರಗಿತ್ತು. ಆಯಿಲ್, ಕೂಲಂಟ್, ನಟ್ಟು ಬೋಲ್ಟು ಖರ್ಚು ಕನ್ಸೂಮಬಲ್ಸ್ ಅನ್ನುವ ಇನ್ನೊಂದು ಆಡ್-ಆನ್‌ನಲ್ಲಿ ಬಂತು.

ಮೇಲ್‌ಗೆ ಉತ್ತರ ಬಾರದೇ ಇದ್ದಿದ್ದರೆ ಕಂಪನಿಯ ದೂರು ವಿಭಾಗ, ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ ಬಿಮಾ ಭರೋಸಾ ದೂರು ಪೋರ್ಟಲ್, ಆಮೇಲೆ ವಿಮಾ ದೂರುಗಳನ್ನು ತೀರ್ಮಾನಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಅಂತ ಹೋಗುವವನಿದ್ದೆ. ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲೇ ಇದೆ, ಶುಲ್ಕ ಇಲ್ಲ, ವಕೀಲರೂ ಬೇಡ. ಆದರೆ ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾಯಬೇಕು.

ಈಗಿನ ರಿನೀವಲ್‌ನಲ್ಲಿ ಇಂಜಿನ್ ಪ್ರೊಟೆಕ್ಷನ್ ಉಳಿಸಿಕೊಂಡಿದ್ದೇನೆ, ಬೇಸ್‌ಮೆಂಟ್ ಪಾರ್ಕಿಂಗ್ ಬದಲಾಗಿಲ್ಲ. ಹಾಸನದ ಕಾರಿಗೆ ಅದು ಬೇಡ, ಅದು ನಿಲ್ಲುವುದು ಎತ್ತರದ ಅಂಗಳದಲ್ಲಿ. ಅಪ್ಪ ಆ ಕಾರು ಮಾರುವ ಯೋಚನೆಯಲ್ಲಿದ್ದಾರೆ. ಎನ್‌ಸಿಬಿ ಸೇರುವುದು ಕಾರಿಗಲ್ಲ, ಮಾಲೀಕರಿಗೆ. ಹಾಗಾಗಿ ಮಾರುವಾಗ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದಿಡಲು ಹೇಳಿದ್ದೇನೆ. ಮೂರು ವರ್ಷದೊಳಗೆ ಹೊಸ ಕಾರು ಕೊಂಡರೆ ಆ 50 ಪರ್ಸೆಂಟ್ ಅದಕ್ಕೆ ಬರುತ್ತದೆ.