ಹೊಗೆಯ ಬಿಸಿ ನೋಡಿ ನಾನು ಮೋಸ ಹೋದದ್ದು

ನನ್ನದು ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಹಳೇ ಮಾರುತಿ 800. ತುಮಕೂರಿನಿಂದ ಶಿರಾ ಕಡೆ ಹೊರಟರೆ ಪಿಕಪ್ಪೂ ಇಲ್ಲ, ಮೈಲೇಜೂ ಇಲ್ಲ. ಪ್ಲಗ್ಗಿನ ಬಣ್ಣ ನೋಡಿ ಅಂದಾಜು ಮಾಡಿ ಸಾಕಾಗಿತ್ತು. ಎಂಜಿನ್ನಿನ ಜ್ವರವನ್ನೇ ಅಳೆಯೋಣ ಅಂತ ಕೆ ಟೈಪ್ ಥರ್ಮೋಕಪಲ್ ತಂದೆ, ಬಿಸಿಯನ್ನು ವೋಲ್ಟೇಜ್ ಆಗಿಸಿ ಅಳೆಯುವ ಸೆನ್ಸರ್ ಅದು.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ, ಲೇತ್ ಅಂಗಡಿಯಲ್ಲಿ ತೂತು ಕೊರೆಸಿ, ಮೂರೂ ಸಿಲಿಂಡರಿನ ಹೊಗೆ ಸೇರುವ ಜಾಗದಲ್ಲಿ ಕೂರಿಸಿದೆ. ಥರ್ಮೋಕಪಲ್ ಡಿಗ್ರಿಗೆ ಕೊಡುವುದು ಬರೀ 41 ಮೈಕ್ರೋವೋಲ್ಟ್. ನಾನೋ, ಅದರ ವೈರನ್ನು ಭಾರೀ ವೋಲ್ಟೇಜ್ ಹರಿಯುವ ಪ್ಲಗ್ ಕೇಬಲ್ ಪಕ್ಕದಲ್ಲೇ ಎಳೆದಿದ್ದೆ! ಮೊದಲ ದಿನ ಅಂಕಿಗಳದ್ದು ಕುಣಿತವೋ ಕುಣಿತ.

ವೈರ್ ದೂರ ಸರಿಸಿದ ಮೇಲೆ, 80ರ ವೇಗದಲ್ಲಿ 740 ಡಿಗ್ರಿ. ಇಷ್ಟು ಬಿಸಿ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂದುಕೊಂಡು ಕಾರ್ಬೊರೇಟರಿಗೆ ದೊಡ್ಡ ಜೆಟ್ (ಪೆಟ್ರೋಲ್ ಹೋಗುವ ತೂತಿನ ಬಿಡಿಭಾಗ) ಹಾಕಿದೆ. ಬಿಸಿ 15 ಡಿಗ್ರಿ ಇಳಿಯಿತು, ಮೈಲೇಜ್ ನೆಲ ಕಚ್ಚಿತು.

ಕೊನೆಗೆ ಮನಸ್ಸು ಗಟ್ಟಿ ಮಾಡಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೊಂಡೆ. ಹೊಗೆಯ ಆಕ್ಸಿಜನ್ ನೋಡಿ, ಪೆಟ್ರೋಲಿಗೆ ಎಷ್ಟು ಗಾಳಿ ಸೇರಿದೆ ಅಂತ ಹೇಳುತ್ತದೆ. ಇದರ ತುದಿ ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಪೈಪಿನ ನೀರು ತಾಗಿ ಬಿರುಕು ಬಿಡುತ್ತದೆ. ಅದು ತೋರಿಸಿದ್ದು 12.8, ಅಂದರೆ ಒಂದು ಕಿಲೋ ಪೆಟ್ರೋಲಿಗೆ ಅಷ್ಟು ಕಿಲೋ ಗಾಳಿ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಅಂದರೆ ಪೆಟ್ರೋಲ್ ಜಾಸ್ತಿಯೇ ಹೋಗುತ್ತಿದೆ! ಹಾಗಾದರೆ ಬಿಸಿ ಎಲ್ಲಿಂದ ಬಂತು?

ದೇವರಾಯನದುರ್ಗದ ಏರಿನಲ್ಲಿ ಸುಳಿವು ಸಿಕ್ಕಿತು. ಪೂರಾ ತುಳಿದರೂ ಬಿಸಿ 760 ದಾಟಲಿಲ್ಲ. ಸಮತಟ್ಟಿನಲ್ಲಿ, ಹಗುರ ಕಾಲಿನಲ್ಲೇ 725 ಇತ್ತಲ್ವಾ? ಅಷ್ಟು ಹತ್ತಿರ ಇರಬಾರದು. ಹಗುರ ಕಾಲಿನಲ್ಲಿ ಮಾತ್ರ ಕೆಲಸ ಮಾಡುವುದು ಯಾವುದು? ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್. ಎಂಜಿನ್ ಗಾಳಿ ಎಳೆಯುವ ಬಲದಿಂದ ಕಿಡಿಯನ್ನು ಬೇಗ ಬೀಳಿಸುವ ಭಾಗ ಅದು. ಅದರ ಪೈಪನ್ನು ಬಾಯಲ್ಲಿಟ್ಟು ಎಳೆದೆ. ಗಾಳಿ ಸಲೀಸಾಗಿ ಬಂತು, ಒಳಗಿನ ಪ್ಲೇಟ್ ಅಲುಗಲೇ ಇಲ್ಲ. ಆ ಪ್ಲೇಟನ್ನು ಎಳೆಯುವ ತೆಳು ಪರದೆ, ಡಯಾಫ್ರಮ್, ಹರಿದಿತ್ತು. ಕಿಡಿ ತಡವಾಗಿ ಬಿದ್ದರೆ ಉರಿಯುವುದೂ ತಡ. ಪಿಸ್ಟನ್ ತಳ್ಳಬೇಕಾದ ಬಿಸಿ ಸುಮ್ನೆ ಸೈಲೆನ್ಸರಿಗೆ ಹೋಗುತ್ತದೆ.

ಹೊಸದು ಹಾಕಿ, ಕಿಡಿ ಬೀಳುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು ನೋಡಿ, ಹಳೇ ಜೆಟ್ಟನ್ನೇ ವಾಪಸ್ ಕೂರಿಸಿದೆ. ಅದೇ ಶಿರಾ ರಸ್ತೆ, ಅದೇ 80. ಬಿಸಿ 665, ಗಾಳಿ-ಪೆಟ್ರೋಲ್ ಲೆಕ್ಕ 14.5.

ಆಕ್ಸಿಜನ್ ಸೆನ್ಸರ್ ಕೂಡ ಸುಳ್ಳು ಹೇಳುತ್ತದೆ, ಮರೆಯಬೇಡಿ. ಒಂದು ಪ್ಲಗ್ ಕಿಡಿ ತಪ್ಪಿಸಿದರೆ ಉರಿಯದ ಆಕ್ಸಿಜನ್ ಹಾಗೇ ಹೊರಬಂದು, ಪೆಟ್ರೋಲ್ ಕಮ್ಮಿ ಅನ್ನುವಂತೆ ತೋರಿಸುತ್ತದೆ. ಅದಕ್ಕೇ ಈಗ, ಯಾವ ಸಿಲಿಂಡರ್ ಕಿಡಿ ತಪ್ಪಿಸುತ್ತಿದೆ ಅಂತ ಗೊತ್ತಾಗಲು, ಮೂರು ಸಿಲಿಂಡರಿಗೂ ಒಂದೊಂದು ಥರ್ಮೋಕಪಲ್ ಹಾಕುವ ಯೋಚನೆ. ಮ್ಯಾನಿಫೋಲ್ಡ್ ಮತ್ತೆ ಬಿಚ್ಚಬೇಕು.