ಬಿಲ್ವದ ಒಂದು ಎಲೆ ಕಿತ್ತು ಕೊಡಿ

ಶಿಕ್ಷಕರ ತರಬೇತಿಗೆ ಬರುವವರಿಗೆ ನಾನು ಪರಿಸರ ಅಧ್ಯಯನ ಕಲಿಸುತ್ತೇನೆ. ಮೊದಮೊದಲು ಎಲೆಯ ಪಾಠಕ್ಕೆ ಚಾರ್ಟ್ ತೂಗುಹಾಕುತ್ತಿದ್ದೆ. ಸಂಯುಕ್ತ ಎಲೆ ಎಂದರೇನು ಎಂದು ಕೇಳಿದರೆ "ಹಲವು ಬಿಡಿ ದಳಗಳು ಸೇರಿ ಆದ ಒಂದು ಎಲೆ" ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳುತ್ತಿತ್ತು. ಒಂದು ದಿನ ಬಿಲ್ವದ ರೆಂಬೆಯನ್ನು ಮೇಜಿನ ಮೇಲಿಟ್ಟು, "ಇದರಿಂದ ಒಂದು ಎಲೆ ಕಿತ್ತು ಕೊಡಿ" ಎಂದೆ. ಹೆಚ್ಚಿನವರು ಮೂರು ದಳಗಳಲ್ಲಿ ಒಂದನ್ನು ಚಿವುಟಿ ಕೊಟ್ಟರು. ಚಾರ್ಟನ್ನು ಅಂದೇ ಸುತ್ತಿಟ್ಟೆ.

ಈಗ ಎಲ್ಲರೂ ಎರಡು ಮೂರು ಗೆಣ್ಣುಗಳಿರುವ ರೆಂಬೆಯನ್ನೇ ತರಬೇಕು. ಬೆಳಿಗ್ಗೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೆ ಬಾಡುವುದಿಲ್ಲ. ಕಾಂಗ್ರೆಸ್ ಗಿಡವನ್ನು ಮಾತ್ರ ತರಗತಿಗೆ ಬಿಟ್ಟುಕೊಳ್ಳುವುದಿಲ್ಲ. ಹಲವರಿಗೆ ಅದು ಮೈಗೆ ಆಗುವುದಿಲ್ಲ. ಮೊದಲ ಕೆಲಸ ತೊಟ್ಟಿನ ಬುಡ ಹುಡುಕುವುದು. ಎಲೆಯ ಕಂಕುಳಲ್ಲಿ, ಅಂದರೆ ತೊಟ್ಟು ರೆಂಬೆಗೆ ಸೇರುವ ಮೂಲೆಯಲ್ಲಿ, ಮೊಗ್ಗು ಇರುತ್ತದೆ, ಬಿಡಿ ದಳದ ಕಂಕುಳಲ್ಲಿ ಇರುವುದಿಲ್ಲ. ಬಿಲ್ವದಲ್ಲಿ ಅಲ್ಲೇ ಮುಳ್ಳೂ ಇರುವುದರಿಂದ ಕಣ್ಣಿಗಿಂತ ಮೊದಲು ಬೆರಳಿಗೆ ಜಾಗ ಸಿಗುತ್ತದೆ. ಮೂರು ದಳ ಸೇರಿ ಒಂದೇ ಎಲೆ ಎಂಬುದನ್ನು ಆಮೇಲೆ ನಾನು ಹೇಳಬೇಕಾಗಿಲ್ಲ.

ನನಗೆ ಬಹಳ ಇಷ್ಟವಾದ ಪಾಠ ಇನ್ನೊಂದಿದೆ. ಬೇವು, ಕರಿಬೇವು, ನಿಂಬೆ, ಬಿಲ್ವ ನಾಲ್ಕನ್ನೂ ಇಟ್ಟು, ಇವುಗಳಲ್ಲಿ ನೆಂಟರು ಯಾರು ಎಂದು ಕೇಳುತ್ತೇನೆ. ಬೇವು ಮತ್ತು ಕರಿಬೇವು ಎಂಬ ಉತ್ತರ ತಕ್ಷಣ ಬರುತ್ತದೆ. ಆಗ ಎಲೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಲು ಹೇಳುತ್ತೇನೆ. ನಿಂಬೆಯ ಎಲೆಯ ತುಂಬ ಸೂಜಿಯಿಂದ ಚುಚ್ಚಿದಂತೆ ಹೊಳೆಯುವ ಚುಕ್ಕೆಗಳು: ಎಣ್ಣೆಯ ಗ್ರಂಥಿಗಳು. ಕರಿಬೇವಿನಲ್ಲೂ ಇವೆ, ಬಿಲ್ವದಲ್ಲೂ ಇವೆ, ಬೇವಿನಲ್ಲಿ ಇಲ್ಲ. "ಮೇಡಂ, ಕರಿಬೇವು ನಿಂಬೆಯ ಮನೆಯದು!" ಎಂದು ಕಳೆದ ಸಲ ಒಬ್ಬಳು ಕೂಗಿಯೇ ಬಿಟ್ಟಳು.

ಪರೀಕ್ಷೆಗೆ ಸಂಖ್ಯೆ ಹಚ್ಚಿದ ಹನ್ನೆರಡು ಬಾಟಲಿಗಳಲ್ಲಿ ರೆಂಬೆಗಳನ್ನು ಇಡುತ್ತೇನೆ. ಹೆಸರಿಗೆ ಒಂದು ಅಂಕ, ಹಾಗೆ ಗುರುತಿಸಿದ್ದು ಏಕೆ ಎಂಬುದಕ್ಕೆ ಎರಡು.

ಶಾಲೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಮಕ್ಕಳಿಗೆ ಅಭ್ಯಾಸಪಾಠ ಮಾಡುವುದನ್ನು ನೋಡಲು ಹೋದಾಗ ಹುಡುಗನೊಬ್ಬ ತುಂಬೆ ಗಿಡ ಕಿತ್ತು ತಂದಿದ್ದ. ನನ್ನ ವಿದ್ಯಾರ್ಥಿಗೆ ಅದರ ಹೆಸರು ಗೊತ್ತಿರಲಿಲ್ಲ. ಅವನು ತಡವರಿಸಲಿಲ್ಲ. "ಕಾಂಡವನ್ನು ಬೆರಳಲ್ಲಿ ಹೊರಳಿಸಿ ನೋಡು, ದುಂಡಗಿದೆಯೇ?" ಎಂದ. ಚೌಕ ಎಂದ ಹುಡುಗ. ಎಲೆಗಳು ಎದುರುಬದುರು ಎಂದಳು ಪಕ್ಕದವಳು. ಅಷ್ಟರಲ್ಲಿ ಮತ್ತೊಬ್ಬಳು ಶಾಲೆಯ ಕಟ್ಟೆಯಿಂದ ತುಳಸಿಯ ಕುಡಿ ತಂದು ಅದರ ಕಾಂಡವನ್ನೂ ಹೊರಳಿಸತೊಡಗಿದಳು.