ಹೆಬ್ಡನ್ ಬ್ರಿಜ್‌ಗೆ ಹೋಗುವವರು ಇದನ್ನೊಮ್ಮೆ ಓದಿ

ಲೀಡ್ಸ್, ಮ್ಯಾಂಚೆಸ್ಟರ್ ಸುತ್ತಮುತ್ತ ಇರುವವರು ವಾರಾಂತ್ಯಕ್ಕೆ ಹೆಬ್ಡನ್ ಬ್ರಿಜ್ ನೋಡಿ ಬನ್ನಿ. ಯಾರ್ಕ್‌ಶೈರಿನ ಕಣಿವೆಯೊಳಗಿನ ಪುಟ್ಟ ಗಿರಣಿ ಊರು. ದಪ್ಪ ಹತ್ತಿ ಬಟ್ಟೆಗೆ, ಪ್ಯಾಂಟ್ ಹೊಲಿಯುವುದಕ್ಕೆ ಹೆಸರಾಗಿತ್ತು.

ಕಾರು ಬೇಡ, ಪಾರ್ಕಿಂಗ್ ಕಷ್ಟ. ಈ ಎರಡು ನಗರಗಳ ನಡುವಿನ ರೈಲು ಇಲ್ಲೇ ನಿಲ್ಲುತ್ತದೆ. ಸ್ಟೇಷನ್ನಿನಿಂದ ಕಾಲುವೆ ಪಕ್ಕದಲ್ಲೇ ನಡೆದು ಊರೊಳಗೆ ಹೋಗಬಹುದು.

ಊರ ಮಧ್ಯೆ ಸುಮಾರು 1510ರ ಕಲ್ಲಿನ ಸೇತುವೆ ಇದೆ. ಹೇರು ಕುದುರೆಗಳು ದಾಟುತ್ತಿದ್ದ ಸೇತುವೆ ಅದು. ಆಮೇಲೆ ತಲೆ ಎತ್ತಿ ಗುಡ್ಡದ ಮನೆಗಳನ್ನು ನೋಡಿ. ಸಮತಟ್ಟು ಜಾಗ ಇಲ್ಲದ್ದಕ್ಕೆ ಮನೆ ಮೇಲೆ ಮನೆ ಕಟ್ಟಿದ್ದಾರೆ. ಕೆಳಗಿನ ಮನೆಯ ಬಾಗಿಲು ಕೆಳಗಿನ ಬೀದಿಗೆ, ಮೇಲಿನದರ ಬಾಗಿಲು ಹಿಂದಿನ ಎತ್ತರದ ಬೀದಿಗೆ. ಮುಂದಿನಿಂದ ನೋಡಿದರೆ ನಾಲ್ಕು ಮಹಡಿ, ಹಿಂದಿನಿಂದ ಎರಡೇ! ಎರಡೂ ಬೀದಿ ಸುತ್ತಿದರೆ ಮಾತ್ರ ಇದು ಗೊತ್ತಾಗುತ್ತದೆ.

ಗುಡ್ಡದ ಮೇಲಿನ ಹೆಪ್ಟನ್‌ಸ್ಟಾಲ್ ಹಳ್ಳಿಗೆ ಹತ್ತುವ ಬಟ್ರೆಸ್ ಎಂಬ ಕಲ್ಲುಹಾಸಿನ ದಾರಿ ಬಹಳ ಕಡಿದು. ಮಳೆ ಬಂದರೆ ಜಾರುತ್ತದೆ, ಹಿಡಿತ ಇರುವ ಶೂ ಬೇಕೇ ಬೇಕು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಬಸ್ಸಲ್ಲೇ ಹೋಗಿ. ಮೇಲೆ ಒಂದೇ ಆವರಣದಲ್ಲಿ ಎರಡು ಚರ್ಚು. ಹಳೆಯದು 1847ರ ಬಿರುಗಾಳಿಗೆ ಹಾಳಾದದ್ದು, ಈಗ ಚಾವಣಿ ಇಲ್ಲ.

ಮಕ್ಕಳಿದ್ದರೆ ಹಾರ್ಡ್‌ಕ್ಯಾಸಲ್ ಕ್ರಾಗ್ಸ್ ಕಾಡಿನಲ್ಲಿ ಹೊಳೆ ಹಿಡಿದು ಗಿಬ್ಸನ್ ಮಿಲ್‌ವರೆಗೆ ನಡೆಸಿ. ಆ ಹಳೇ ಹತ್ತಿ ಗಿರಣಿಗೆ ಹೊರಗಿನ ಕರೆಂಟ್ ಲೈನೇ ಇಲ್ಲ. ಹೊಳೆ ನೀರಿನಿಂದಲೂ ಬಿಸಿಲಿನಿಂದಲೂ ತಾನೇ ವಿದ್ಯುತ್ ಮಾಡಿಕೊಳ್ಳುತ್ತದೆ. ಬೇಸಿಗೆಯಾದರೂ ರೇನ್‌ಕೋಟ್ ಮರೆಯಬೇಡಿ.